ಮರದ ಮೈ ಕಾಪಾಡುವ ಬಗೆ

ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಉಡುತಡಿಯ ಸುತ್ತಲಿನ ಶಿಕಾರಿಪುರ, ಸೊರಬ ಸೀಮೆಯಲ್ಲಿ ಮರದ ಮಂಚ, ಕಪಾಟು, ಮೇಜುಗಳ ಮೇಲ್ಮೈ ಹಾಳಾಗಲು ಬಳಕೆಯಷ್ಟೇ ಹವೆಯೂ ಕಾರಣವಾಗುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಅಡ್ಡಲಾಗಿ ಉಬ್ಬುವ ಮರ ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರೊಂದಿಗೆ ಹಿಗ್ಗಿ ಕುಗ್ಗಲಾರದ ಹಳೆಯ ಪಾಲಿಶ್ ಬಿರುಕು ಬಿಟ್ಟು ಎದ್ದುಬರುತ್ತದೆ. ಆದ್ದರಿಂದ ಕೆಟ್ಟಿರುವುದು ಮರವೋ ಅದರ ಮೇಲಿನ ಲೇಪವೋ ಎಂಬುದನ್ನು ಗುರುತಿಸುವುದೇ ದುರಸ್ತಿಯ ಮೊದಲ ಹೆಜ್ಜೆ.

ಹಳೆಯ ಪೀಠೋಪಕರಣಗಳಿಗೆ ಹೆಚ್ಚಾಗಿ ಬಳಸುತ್ತಿದ್ದ ಫ್ರೆಂಚ್ ಪಾಲಿಶ್ ಎಂದರೆ, ಮುತ್ತುಗದಂಥ ಮರಗಳ ಮೇಲೆ ಬದುಕುವ ಅರಗಿನ ಕೀಟಗಳು ಸ್ರವಿಸುವ ಅರಗನ್ನು ಶುದ್ಧಗೊಳಿಸಿ ಸ್ಪಿರಿಟ್‌ನಲ್ಲಿ ಕರಗಿಸಿದ ದ್ರಾವಣ. ಕಣ್ಣಿಗೆ ಬೀಳದ ಮೂಲೆಯೊಂದನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಾಗ ಅಂಟಂಟಾದರೆ ಅದು ಅರಗಿನ ಲೇಪ. ಹಾಗಾಗದಿದ್ದರೆ ಅದು ವಾರ್ನಿಶ್ ಅಥವಾ ಬೇರೆ ಲೇಪವಿರಬಹುದು.

ಬಿಸಿ ಲೋಟ ಇಟ್ಟಾಗ ಮೂಡುವ ಬಿಳಿ ಉಂಗುರವು ಅರಗಿನ ಪದರದೊಳಗೆ ಸಿಕ್ಕಿಕೊಂಡ ತೇವವಾದ್ದರಿಂದ, ಕೆಲವು ದಿನ ಒಣಗಲು ಬಿಟ್ಟು, ಆಮೇಲೂ ಉಳಿದರೆ ಸ್ಪಿರಿಟ್ ತುಸುವೇ ಸೋಕಿಸಿದ ಬಟ್ಟೆಯನ್ನು ನಿಲ್ಲಿಸದೆ ಮೆಲ್ಲನೆ ಆಡಿಸಬೇಕು. ಹೆಚ್ಚಾದರೆ ಪಾಲಿಶ್ಶೇ ಕರಗುತ್ತದೆ. ಕಲೆ ಕಪ್ಪಾಗಿದ್ದರೆ ನೀರು ಮರದೊಳಗೇ ಇಳಿದಿರುವ ಸಾಧ್ಯತೆ ಹೆಚ್ಚು. ಅದನ್ನು ಅನುಭವಿ ಬಡಗಿಗೆ ಒಪ್ಪಿಸುವುದು ಲೇಸು.

ಪೆಟ್ಟು ಬಿದ್ದು ತಗ್ಗಾದ ಕಡೆ ಮರದ ಎಳೆಗಳು ತುಂಡಾಗದೆ ಅದುಮಿಕೊಂಡಿದ್ದರೆ, ಲೇಪ ತೆಗೆದ ಗಟ್ಟಿ ಮರದ ಮೇಲೆ ಒದ್ದೆ ಹತ್ತಿಬಟ್ಟೆ ಹಾಸಿ ಕೆಲವೇ ಕ್ಷಣ ಇಸ್ತ್ರಿಪೆಟ್ಟಿಗೆ ಒತ್ತಿದಾಗ, ಹಬೆಗೆ ಎಳೆಗಳು ಉಬ್ಬಿ ತಗ್ಗು ಬಹುಪಾಲು ಮೇಲೇಳುತ್ತದೆ. ಪ್ಲೈವುಡ್ಡಿಗೆ ಇದು ಸಲ್ಲದು, ಏಕೆಂದರೆ ಶಾಖಕ್ಕೆ ಅದರ ಅಂಟು ಬಿಡಬಹುದು. ಸಣ್ಣ ತೂತುಗಳಿಗೆ ಅದೇ ಜಾತಿಯ ಮರದ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಬಹುದಾದರೂ, ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಕೊರೆಯುವ ಹುಳು ಒಳಗೆ ಇನ್ನೂ ಇದೆಯೆಂದು ತಿಳಿದು ಮೊದಲು ಅದಕ್ಕೆ ಮದ್ದು ಹಾಕಬೇಕು.

ಲೇಪ ಪೂರಾ ಕೆಟ್ಟಿದ್ದರೆ ಮಾತ್ರ 120, 180, 220 ಸಂಖ್ಯೆಯ ಮರಳು ಕಾಗದಗಳಿಂದ ಕ್ರಮವಾಗಿ, ಎಳೆಯ ಜಾಡಿನಲ್ಲೇ ಉಜ್ಜಬೇಕು. ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯವಾಗಿರುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ 2016ರ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹೀಗಾಗಿ ಬಣ್ಣ ಬಳಿದ ಹಳೆಯ ಸಾಮಾನನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು. ಹೊಸ ಪಾಲಿಶ್ಶನ್ನು ಬೆಂಕಿಯಿಂದ ದೂರದಲ್ಲಿ, ಗಾಳಿಯಾಡುವೆಡೆ, ಮಳೆಯಿಲ್ಲದ ದಿನ ತೆಳುವಾಗಿ ಹಲವು ಸಲ ಹಚ್ಚಬೇಕು. ತೇವದ ಹವೆಯಲ್ಲಿ ಹಚ್ಚಿದ ಅರಗು ಬೆಳ್ಳಗಾಗುತ್ತದೆ.

ಸೊರಬ, ಸಾಗರಗಳ ಗುಡಿಗಾರರ ಕೆತ್ತನೆಯ ಸಾಮಾನು ಮನೆಯಲ್ಲಿದ್ದರೆ ಅದಕ್ಕೆ ಮರಳು ಕಾಗದ ಸೋಕಿಸದೆ, ಮೃದುವಾದ ಕುಂಚದಿಂದ ಧೂಳು ತೆಗೆದರೆ ಸಾಕು. ಲೇಪವನ್ನು ಮತ್ತೆ ಹಚ್ಚಬಹುದು, ಸವೆದ ಕೆತ್ತನೆಯನ್ನು ಮರಳಿ ತರಲಾಗದು.