ಕೆಂಪು ಬಸ್ಸಿನಲ್ಲಿ ತವರಿಗೆ

ಬೆಂಗಳೂರಿಗೂ ಮೈಸೂರಿಗೂ ನಡುವಣ ಅಂತರ ಸುಮಾರು 145 ಕಿಲೋಮೀಟರು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹೊಸ ಹೆದ್ದಾರಿಯಲ್ಲಿ ವೇಗದ ವಾಹನಗಳು ಊರುಗಳನ್ನು ಬದಿಗಿರಿಸಿ ಧಾವಿಸುತ್ತವೆ. ಸಾಮಾನ್ಯರ ಕೆಂಪು ಬಸ್ಸಿಗಾದರೋ ಆ ಅವಸರ ಸಲ್ಲದು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ—ಒಂದೊಂದು ಊರನ್ನೂ ಹೊಕ್ಕು, ಇಳಿಯುವವರನ್ನು ಇಳಿಸಿ, ಏರುವವರನ್ನು ಏರಿಸಿಕೊಂಡೇ ಅದು ಮುಂದೆ ಸಾಗಬೇಕು.

ಈ ಬಸ್ಸಿನ ಮನೆತನ ಹಳೆಯದು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಕಾರ್ಯಾರಂಭ ಮಾಡಿತು. 1961ರ ಆಗಸ್ಟ್ 1ರಂದು ಅದು ನಿಗಮದ ರೂಪ ತಾಳಿತು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ, ಐಷಾರಾಮಿಯಲ್ಲದ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗೆ ಉಚಿತ ಪ್ರಯಾಣವನ್ನು ಕಲ್ಪಿಸಿತು.

ಅಂದಿನಿಂದ ಎಷ್ಟೋ ಗೃಹಿಣಿಯರಿಗೆ ತವರು ಹತ್ತಿರವಾಯಿತು. ಮಂಡ್ಯದ ಕಡೆಯ ಹಳ್ಳಿಯಲ್ಲಿರುವ ತಾಯಿಯನ್ನು ನೋಡಿಬರಲು ಪತಿಯ ಮುಂದೆಯೋ ಮಗನ ಮುಂದೆಯೋ ಕೈಚಾಚಬೇಕಾಗಿಲ್ಲ. ಆದರೆ ಕೈ ತೆರದ ಹಣವನ್ನು ಮೈ ತೆರಬೇಕಾಗುತ್ತದೆ. ನಸುಕಿನಲ್ಲೆದ್ದು ಅಡಿಗೆ ಮುಗಿಸಿದ ಗೃಹಿಣಿ ಮೈಸೂರು ರಸ್ತೆಯ ನಿಲ್ದಾಣಕ್ಕೆ ಬರುವಷ್ಟರಲ್ಲಿ, ಕಿಟಕಿಯಿಂದ ಒಳಗೆಸೆದ ಕರವಸ್ತ್ರಗಳು ಆಸನಗಳನ್ನೆಲ್ಲ ಆಕ್ರಮಿಸಿರುತ್ತವೆ. ಒಂದು ಕೈ ಕಂಬಿಗೆ, ಇನ್ನೊಂದು ಚೀಲಕ್ಕೆ. ರಾಮನಗರದ ಬಂಡೆಗಳು ಕಾಣುವ ಹೊತ್ತಿಗೆ ಮೊಣಕಾಲು ಸೋತಿರುತ್ತದೆ. ಪುಣ್ಯವಿದ್ದರೆ ಚನ್ನಪಟ್ಟಣದಲ್ಲಿ ಯಾರಾದರೂ ಇಳಿದಾರು. ಮದ್ದೂರಿನಲ್ಲಿ ವಡೆ ಮಾರುವವನ ಕೂಗು ಕಿವಿಗೆ ಬಿದ್ದಾಗ, ಬೆಳಗಿನಿಂದ ತಾನೇನೂ ತಿಂದಿಲ್ಲವೆಂಬುದು ಅವಳಿಗೆ ನೆನಪಾಗುತ್ತದೆ.

ಇಷ್ಟು ಶ್ರಮಪಟ್ಟು ತಾಯಿಯ ಬಳಿ ಕಳೆಯಲು ದೊರೆಯುವುದು ಎರಡೇ ಗಂಟೆ.

“ಇವತ್ತೊಂದು ರಾತ್ರಿ ಇದ್ದು ಹೋಗವ್ವ.”

“ಆಗಕಿಲ್ಲ ಕಣವ್ವ, ಬೆಳಿಗ್ಗೆ ಮಕ್ಕಳಿಗೆ ಸ್ಕೂಲದೆ.”

ಮುದುಕಿ ಮರುಮಾತಾಡದೆ ತೆಂಗಿನಕಾಯಿಯನ್ನೂ ಬೆಲ್ಲವನ್ನೂ ಚೀಲಕ್ಕೆ ತುಂಬುತ್ತಾಳೆ.

ಮರಳುವ ಹಾದಿ ಇನ್ನೂ ದೀರ್ಘ. ಕೆಂಗೇರಿ ದಾಟಿದ ಮೇಲೆ ನಗರದ ವಾಹನಸಂದಣಿಯಲ್ಲಿ ಬಸ್ಸು ತೆವಳುತ್ತದೆ. ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು, ಕತ್ತಲಾದ ಬಳಿಕ ಮನೆ ಸೇರಿದವಳನ್ನು ಮೊದಲು ಎದುರುಗೊಳ್ಳುವುದು ಬಚ್ಚಲಲ್ಲಿ ಕೂಡಿಟ್ಟ ಪಾತ್ರೆಗಳು, ಬಳಿಕ, “ಊಟಕ್ಕೇನು?” ಎಂಬ ಪ್ರಶ್ನೆ. ತಾಯಿ ಹೇಗಿದ್ದಾಳೆಂದು ಕೇಳುವವರು ಆಮೇಲೆ ಕೇಳಿಯಾರು.

ಬಸ್ಸಿನ ದರವನ್ನು ಸರ್ಕಾರ ವಹಿಸಿಕೊಂಡಿದೆ. ತಾಯಿಯ ಮನೆಯಲ್ಲಿ ಒಂದು ರಾತ್ರಿ ನಿಶ್ಚಿಂತೆಯಿಂದ ಮಲಗಿಬರುವ ಬಿಡುವನ್ನು ಮಾತ್ರ ಯಾವ ಸರ್ಕಾರವೂ ಕೊಡಲಾರದು. ಅದನ್ನು ಕೊಡಬೇಕಾದವರು ಮನೆಯವರೇ.