ಕಾಕಂಬಿಯೂ ಸ್ಕಾಚೂ

ಸಕ್ಕರೆಯ ನಾಡೆಂದು ಹೆಸರಾದ ಮಂಡ್ಯದಲ್ಲಿ ಕಬ್ಬನ್ನು ಅರೆದು, ಹರಳನ್ನು ಬೇರ್ಪಡಿಸಿದ ಮೇಲೆ ಕಪ್ಪಗೆ, ಅಂಟಂಟಾಗಿ ಉಳಿಯುವ ವಸ್ತುವಿಗೆ ಕಾಕಂಬಿಯೆಂದು ಹೆಸರು. ಸಕ್ಕರೆ ಎಲ್ಲಿಗೆ ಹೋಗುತ್ತದೆಂಬುದನ್ನು ಎಲ್ಲರೂ ಬಲ್ಲರು. ಕಾಕಂಬಿಯ ಗತಿಯನ್ನು ವಿಚಾರಿಸುವವರು ವಿರಳ. ಅದು ಹುದುಗೆದ್ದು, ಭಟ್ಟಿಯಿಳಿದು ಮದ್ಯಸಾರವಾಗುತ್ತದೆ. ಇಂದು ಅದರಲ್ಲೊಂದು ಪಾಲು ಪೆಟ್ರೋಲಿನೊಡನೆ ಬೆರೆಯುತ್ತದೆ. ಇಂತಹ ಸಾರವೇ ಬಣ್ಣ, ಪರಿಮಳಗಳನ್ನು ತೊಟ್ಟು, ನಮ್ಮ ದೇಶದ ಎಷ್ಟೋ ಅಗ್ಗದ ಸೀಸೆಗಳಲ್ಲಿ ವಿಸ್ಕಿಯೆಂಬ ಹೆಸರಿನಿಂದ ಮಾರಾಟವಾಗುತ್ತದೆ.

ಸ್ಕಾಟ್ಲೆಂಡಿನವರು ಈ ಹೆಸರನ್ನು ಒಪ್ಪುವುದಿಲ್ಲ. ಅವರ ಕಾನೂನಿನಂತೆ ವಿಸ್ಕಿ ಧಾನ್ಯದಿಂದಲೇ ಹುಟ್ಟಬೇಕು. ಸ್ಕಾಚ್ ಎನಿಸಬೇಕಾದರೆ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಅಲ್ಲಿಯೇ ಕಳೆಯಬೇಕು. ಕಬ್ಬಿನಿಂದ ಬಂದದ್ದು ಅವರ ದೃಷ್ಟಿಯಲ್ಲಿ ರಮ್ಮಿನ ಸಂತಾನ.

ಆದರೆ ಇಷ್ಟು ಕಟ್ಟುನಿಟ್ಟಿನ ಸ್ಕಾಚಿನ ಚರಿತ್ರೆಯೂ ನಿಷ್ಕಳಂಕವಾದುದಲ್ಲ. ಮೊದಲು ಅಲ್ಲಿದ್ದುದು ಮೊಳಕೆ ಬರಿಸಿದ ಬಾರ್ಲಿಯನ್ನು ತಾಮ್ರದ ಹಂಡೆಗಳಲ್ಲಿ ಭಟ್ಟಿಯಿಳಿಸಿದ ಗಡುಸಾದ ಪಾನೀಯ. 1830ರಲ್ಲಿ ಐರ್ಲೆಂಡಿನ ಈನಿಯಸ್ ಕಾಫಿ ಎಂಬಾತ ಎಡೆಬಿಡದೆ ನಡೆಯುವ ಹೊಸ ಭಟ್ಟಿಗೆ ಹಕ್ಕುಪತ್ರ ಪಡೆದನು. (ಹೆಸರು ಕಾಫಿ, ಮೊದಲಿದ್ದ ಉದ್ಯೋಗ ಅಬಕಾರಿ ಅಧಿಕಾರಿಯದು, ವಿಧಿಯ ವಿನೋದ!) ಅದರಿಂದ ಇತರ ಧಾನ್ಯಗಳ ತೆಳು ಸಾರ ಅಗ್ಗವಾಗಿ ದೊರೆಯತೊಡಗಿತು. 1860ರ ಕಾನೂನು ಮಿಶ್ರಣಕ್ಕೆ ಅನುಕೂಲ ಮಾಡಿಕೊಟ್ಟಿತು. ಕಿಲ್‌ಮಾರ್ನಕ್‌ನಲ್ಲಿ 1820ರಲ್ಲಿ ದಿನಸಿ ಅಂಗಡಿ ತೆರೆದಿದ್ದ ಜಾನ್ ವಾಕರನ ಮನೆತನದಂತಹವರು ಈ ಬೆರಕೆಯಿಂದಲೇ ಲೋಕಪ್ರಸಿದ್ಧರಾದರು. ಧಾನ್ಯದ ತೆಳು ಸಾರವನ್ನು ವಿಸ್ಕಿಯೆಂದು ಮಾರುವುದು ಮೋಸವೆಂದು ಲಂಡನ್ನಿನ ಇಸ್ಲಿಂಗ್ಟನ್ ಪೌರಾಡಳಿತ 1905ರಲ್ಲಿ ವ್ಯಾಪಾರಿಗಳ ಮೇಲೆ ಮೊಕದ್ದಮೆ ಹೂಡಿತು. ವಿವಾದ ರಾಯಲ್ ಆಯೋಗದವರೆಗೂ ಏರಿ, 1909ರಲ್ಲಿ ಬೆರಕೆಯೂ ವಿಸ್ಕಿಯೇ ಎಂಬ ತೀರ್ಮಾನವಾಯಿತು. ಅಂದು ಕಟಕಟೆಯಲ್ಲಿ ನಿಂತ ಆ ಬೆರಕೆಯ ಕಾಲವನ್ನೇ ಇಂದು ಗತವೈಭವವೆಂದು ಮಾರಲಾಗುತ್ತಿದೆ. 1992ರಲ್ಲಿ ಹೊರಬಂದ ಜಾನಿ ವಾಕರ್ ಬ್ಲೂ ಲೇಬಲ್, 19ನೆಯ ಶತಮಾನದ ಮಿಶ್ರಣಗಳ ರುಚಿಯನ್ನು ನೆನಪಿಸುವುದಾಗಿ ಹೇಳಿಕೊಳ್ಳುತ್ತದೆ. ಅದರ ಚೀಟಿಯ ಮೇಲೆ ವಯಸ್ಸು ಮಾತ್ರ ನಮೂದಾಗಿಲ್ಲ.

ಮಂಡ್ಯದ ಹಳೆಯ ಕಾಲಕ್ಕೆ ಇಂತಹ ಭಾಗ್ಯವಿಲ್ಲ. ಮದ್ದೂರು, ಮಳವಳ್ಳಿಗಳ ಕಡೆ ಈಚಲ ಮರದಿಂದ ಇಳಿಸುತ್ತಿದ್ದ ಹೆಂಡ ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ; ಪೀಪಾಯಿಯಲ್ಲಿಟ್ಟು ಮುದಿಯಾಗಿಸುವ ಪದಾರ್ಥ ಅದಲ್ಲ. ಸಾರಾಯಿಯನ್ನು 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಷೇಧಿಸಲಾಯಿತು. ಎಷ್ಟೋ ಸಂಸಾರಗಳನ್ನು ಬೀದಿಗೆ ತಂದ ಸಾರಾಯಿಗಾಗಿ ಕಣ್ಣೀರಿಡಬೇಕಾದುದಿಲ್ಲ. ಆದರೆ ಬಡವನ ಚಟ ಅದರೊಡನೆ ಹೋಗಲಿಲ್ಲ, ಹೆಚ್ಚು ಬೆಲೆ ತೆತ್ತು ವಿಸ್ಕಿಯೆಂಬ ಹೆಸರಿನ ಅಗ್ಗದ ಸೀಸೆಗೆ ಹೋಯಿತು.

ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದುಬಂದ ಮೇಲೆ ಈ ಬಯಲು ಕಬ್ಬಿನ ಹಸಿರನ್ನು ಕಂಡಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಮದ್ಯಸಾರದ ಘಟಕವೂ ಅದಕ್ಕೆ ಜೊತೆಯಾಯಿತು. ಆ ಕಾರ್ಖಾನೆ ನಷ್ಟದಲ್ಲಿ ಕುಸಿದು, ಕೆಲವು ವರ್ಷ ಬಾಗಿಲು ಮುಚ್ಚಿ, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಗಾಣ ನಿಂತ ವರ್ಷಗಳಲ್ಲಿ ರೈತ ತನ್ನ ಕಬ್ಬನ್ನು ಎಲ್ಲಿಗೆ ಸಾಗಿಸಬೇಕೆಂದು ಪರದಾಡಿದನು. ಕೇಂದ್ರ ಸರ್ಕಾರ ಅವನ ಬೆಲೆಯನ್ನು ಸಕ್ಕರೆಯ ಇಳುವರಿಯ ಮೇಲೆ ನಿಗದಿಮಾಡುತ್ತದೆ. ಕಾಕಂಬಿ ಸೀಸೆಗಿಳಿದ ಮೇಲೆ ಗಳಿಸುವ ಬೆಲೆ ಗದ್ದೆಯವರೆಗೆ ಇಳಿದು ಬರುವುದಿಲ್ಲ.

ಮದ್ದೂರು, ಮಂಡ್ಯಗಳಿಂದ ಬೆಂಗಳೂರಿಗೆ ಹೋಗುವ ಅದೇ ಹೆದ್ದಾರಿಯ ಬದಿಯಲ್ಲಿ, ಕುಂಬಳಗೋಡಿನ ಸಮೀಪದ ಕಂಬೀಪುರದಲ್ಲಿ ಅಮೃತ್ ಭಟ್ಟಿಯಿದೆ. 1948ರಲ್ಲಿ ಆರಂಭವಾದ ಈ ಸಂಸ್ಥೆ ಉತ್ತರ ಭಾರತದ ಬಾರ್ಲಿಯಿಂದ ಮಾಡಿದ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ನೇರವಾಗಿ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡಿತು. ಗುರುವಿನ ಮನೆಯಲ್ಲೇ ಪರೀಕ್ಷೆ! ಅದರ ಫ್ಯೂಷನ್ ಎಂಬ ಬಗೆಯನ್ನು ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ಕೈಪಿಡಿಯಲ್ಲಿ ಜಗತ್ತಿನ ಮೂರನೆಯ ಸ್ಥಾನಕ್ಕೇರಿಸಿದರು. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡ 2ರಷ್ಟು ಆವಿಯಾದರೆ, ಇಲ್ಲಿ ಶೇಕಡ 10ಕ್ಕೂ ಮೀರಿ ಹಾರಿಹೋಗುತ್ತದೆ. ಆದುದರಿಂದ ಇಲ್ಲಿಯ ವಿಸ್ಕಿ ಬೇಗ ಮಾಗುತ್ತದೆ, ಬೇಗ ಬರಿದೂ ಆಗುತ್ತದೆ.

ಅದೇ ಸಂಸ್ಥೆ ಬೆಲ್ಲದಿಂದ ರಮ್ಮನ್ನೂ ತಯಾರಿಸಿ, ಅದಕ್ಕೆ ‘ಬೆಲ್ಲ’ ಎಂದೇ ಹೆಸರಿಟ್ಟಿದೆ. ಕಬ್ಬಿನ ಮದ್ಯಕ್ಕೆ ಕಬ್ಬಿನ ಹೆಸರು! ಮಂಡ್ಯದ ಆಲೆಮನೆಗಳ ಕೊಪ್ಪರಿಗೆಯಲ್ಲಿ ಇಂದಿಗೂ ಕುದಿಯುತ್ತಿರುವುದು ಅದೇ ಪದಾರ್ಥ.