ಎಂಡೆನ್ ಹಡಗಿನಲ್ಲಿ ನಮ್ಮವರು ಯಾರೂ ಇರಲಿಲ್ಲರೀ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಯಾವುದಕ್ಕೂ ಸಮುದ್ರ ಹತ್ತಿರವಿಲ್ಲ. ಆದರೂ ಸೆಪ್ಟೆಂಬರ್ ಬಂತೆಂದರೆ ಇಲ್ಲಿಯ ವಾಟ್ಸ್ಯಾಪ್ ಗುಂಪುಗಳಿಗೆ ಜರ್ಮನ್ ಯುದ್ಧನೌಕೆಯೊಂದು ಬಂದು ಲಂಗರು ಹಾಕುತ್ತದೆ. 1914ರ ಸೆಪ್ಟೆಂಬರ್ 22ರ ರಾತ್ರಿ ‘ಎಂಡೆನ್’ ಮದ್ರಾಸಿನ ಮೇಲೆ ಗುಂಡು ಹಾರಿಸಿತು ಎನ್ನುವವರೆಗೆ ಎಲ್ಲ ಖರೆ. ಆಮೇಲೆ ಶುರುವಾಗುತ್ತದೆ: ತಿರುವನಂತಪುರದ ಕ್ರಾಂತಿಕಾರಿ ಚೆಂಪಕರಾಮನ್ ಪಿಳ್ಳೈ ಆ ಹಡಗಿನಲ್ಲೇ ಇದ್ದರಂತೆ, ಎಲ್ಲಿ ಹೊಡೆಯಬೇಕೆಂದು ಬೆರಳು ಮಾಡಿ ತೋರಿಸಿದರಂತೆ.

ಪಿಳ್ಳೈ ಆಗ ಇದ್ದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಬ್ರಿಟಿಷರ ವಿರುದ್ಧದ ಬರಹ ಪ್ರಕಟಿಸಲು ಒಪ್ಪಿಗೆ ಕೇಳಿ ಅಲ್ಲಿಯ ಜರ್ಮನ್ ಕಾನ್ಸಲ್‌ಗೆ ಅದೇ ತಿಂಗಳು ಕಾಗದ ಬರೆದಿದ್ದರು. ಅಕ್ಟೋಬರಿನಲ್ಲಿ ಬರ್ಲಿನ್ನಿಗೆ ಹೋದರು. ಎಂಡೆನ್ ಹೊರಟದ್ದು ಜುಲೈ 31ರಂದು, ಚೀನಾದ ಚಿಂಗ್ಟಾವ್ ಬಂದರಿನಿಂದ. ಜ್ಯೂರಿಕ್‌ನಲ್ಲಿದ್ದವರು ಹತ್ತಿದ್ದೆಲ್ಲಿ, ಇಳಿದದ್ದೆಲ್ಲಿ?

ಹಾಗಾದರೆ ಮದ್ರಾಸಿನ ಎಣ್ಣೆ ಟ್ಯಾಂಕುಗಳು ಅಲ್ಲೇ ಇವೆಯೆಂದು ಜರ್ಮನರಿಗೆ ಹೇಳಿದವರ್‍ಯಾರು ಎನ್ನುತ್ತಾರೆ. ನೌಕಾಪಡೆಯವರ ಕೈಯಲ್ಲಿ ನಕಾಶೆ ಇರುತ್ತದೆ ಮಾರಾಯರೆ! ಬಂದರಿನ ದೀಪಗಳು ಉರಿಯುತ್ತಿದ್ದವು. ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯೂಲರ್ ಸರ್ಚ್‌ಲೈಟ್ ಹಾಕಿಸಿದರು, ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳು ಕಂಡವು. ಅರ್ಧ ತಾಸಿನಲ್ಲಿ ಸುಮಾರು 130 ಗುಂಡು ಹಾರಿದವು, ಟ್ಯಾಂಕುಗಳು ಹೊತ್ತಿ ಉರಿದವು. ಹಡಗಿನಲ್ಲಿದ್ದ ಚೀನೀ ಅಗಸರ ಸುದ್ದಿಗೂ ಎಂಡೆನ್ ಇತಿಹಾಸದಲ್ಲಿ ಜಾಗವಿದೆ. ಭಾರತದ ಕ್ರಾಂತಿಕಾರಿ ಒಬ್ಬರು ಇದ್ದಿದ್ದರೆ ಬಿಟ್ಟುಬಿಡುತ್ತಿದ್ದರೇ?

ಇಷ್ಟು ಹೇಳಿದರೂ ಉತ್ತರ ಒಂದೇ: “ಇದ್ದರೂ ಇರಬಹುದಲ್ರೀ, ಯಾರು ನೋಡ್ಯಾರ?” ಇಂಡಿಯಲ್ಲಿ ನಿಂಬೆ ಕೊಳ್ಳುವಾಗ ಇವರೇ ಚೀಲದ ತಳಕ್ಕೆ ಕೈ ಹಾಕಿ ಹಣ್ಣು ಹಿಂಡಿ ನೋಡುವವರು. ದೇಶಭಕ್ತಿಯ ಹೆಸರಿನಲ್ಲಿ ಬಂದದ್ದನ್ನು ಮಾತ್ರ ಮೂಸಿಯೂ ನೋಡುವುದಿಲ್ಲ. ಪಿಳ್ಳೈ ಬರ್ಲಿನ್ನಿನಲ್ಲಿ ನಿಜವಾಗಿ ಏನು ಮಾಡಿದರೆಂದು ಕೇಳಿ, ಒಬ್ಬರೂ ಬಾಯಿ ಬಿಡುವುದಿಲ್ಲ.



ಇನ್ನು ಮ್ಯೂಲರ್ ಹಡಗಿನ ಜೊತೆಗೇ ಮುಳುಗಿದರು ಅಂತಲೂ ಒಂದು ಕಥೆ. 1914ರ ನವೆಂಬರ್ 9ರಂದು ಕೊಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ‘ಸಿಡ್ನಿ’ ಎಂಡೆನ್ನನ್ನು ಜಖಂ ಮಾಡಿದಾಗ ಹಡಗನ್ನು ದಿಬ್ಬಕ್ಕೆ ಹತ್ತಿಸಿದವರೇ ಮ್ಯೂಲರ್. ಸೆರೆಯಾಗಿ ಮಾಲ್ಟಾ, ಅಲ್ಲಿಂದ ಇಂಗ್ಲೆಂಡ್. 1917ರಲ್ಲಿ ಇಪ್ಪತ್ತೊಂದು ಕೈದಿಗಳು ಸುರಂಗ ತೋಡಿ ಪರಾರಿಯಾದರು; ಅವರ ಮುಂದಾಳು ಇವರೇ, ಬೇಗ ಸಿಕ್ಕಿಬಿದ್ದರು. ಮಲೇರಿಯಾ ಅವರನ್ನು ಹಣ್ಣು ಮಾಡಿತ್ತು. 1919ರಲ್ಲಿ ನೌಕಾಪಡೆ ಬಿಟ್ಟು ಬ್ಲಾಂಕೆನ್‌ಬುರ್ಗ್ ಸೇರಿದರು, ಪ್ರಾಂತೀಯ ಶಾಸನಸಭೆಗೆ ಆಯ್ಕೆಯಾದರು, 1923ರ ಮಾರ್ಚ್‌ನಲ್ಲಿ ತೀರಿಕೊಂಡರು. ತಮ್ಮ ಸಾಹಸದ ಬಗ್ಗೆ ಪುಸ್ತಕ ಬರೆದು ದುಡ್ಡು ಮಾಡಲಿಲ್ಲ.

ಮ್ಯೂಲರ್ ಹಿಟ್ಲರನ ಪಕ್ಷದಲ್ಲಿದ್ದರು ಎನ್ನುವವರೂ ಇದ್ದಾರೆ; ಇದ್ದವರು ಅವರಲ್ಲ, ಅವರ ಕೈಕೆಳಗಿನ ಹೆಲ್ಮುಟ್ ಫಾನ್ ಮ್ಯೂಕೆ. ಕೊಕೋಸ್‌ನಿಂದ ‘ಆಯೇಷಾ’ ಎಂಬ ಹಳೆಯ ಹಾಯಿಹಡಗಿನಲ್ಲಿ ತಪ್ಪಿಸಿಕೊಂಡು, ಅರಬ್ ಮರಳುಗಾಡು ದಾಟಿ ಕಾನ್‌ಸ್ಟಾಂಟಿನೋಪಲ್ ಮುಟ್ಟಿದವರು. 1929ರಲ್ಲಿ ಆ ಪಕ್ಷಕ್ಕೆ ಅವರೂ ಬೆನ್ನು ಹಾಕಿ ಯುದ್ಧವಿರೋಧಿಯಾದರು. ನಾಜಿಗಳು ಅವರ ಬರವಣಿಗೆಯನ್ನೇ ನಿಷೇಧಿಸಿದರು.